ಒಂದೇ ಚಿತ್ರ, ಮೂರು ಆಪರೇಟಿಂಗ್ ಸಿಸ್ಟಂ: ಪ್ಲೇಟ್ ಸಾಲ್ವಿಂಗ್ ಕುರಿತ ಒಂದು ಪ್ರಕರಣ ಅಧ್ಯಯನ

ಬೆಂಗಳೂರಿನ ಹವ್ಯಾಸಿ ಖಗೋಳ ವೀಕ್ಷಕರ ಒಂದು ಸಣ್ಣ ಗುಂಪು ಬೇಸಿಗೆಯ ಆರಂಭದ ರಾತ್ರಿಗಳಲ್ಲಿ ತುಮಕೂರು ಜಿಲ್ಲೆಯ ಒಂದು ಬಯಲಿನಲ್ಲಿ ದೂರದರ್ಶಕ ಹೂಡಿ ಗೆಲಾಕ್ಸಿಗಳ ಚಿತ್ರ ತೆಗೆಯುತ್ತದೆ. ಗುಂಪಿನ ಬಳಿ ಮೂರು ಬಗೆಯ ಕಂಪ್ಯೂಟರ್‌ಗಳಿವೆ: ವೀಕ್ಷಣೆಯ ಸ್ಥಳದಲ್ಲಿ ಬಳಸುವ ವಿಂಡೋಸ್ ಲ್ಯಾಪ್‌ಟಾಪ್, ದೂರದರ್ಶಕವನ್ನು ಹೊತ್ತು ತಿರುಗಿಸುವ ಮೌಂಟ್‌ನ ಬುಡದಲ್ಲೇ ಕಟ್ಟಿಡುವ ಲಿನಕ್ಸ್ ಆಧಾರಿತ ರಾಸ್‌ಬೆರಿ ಪೈ, ಮತ್ತು ಚಿತ್ರಗಳನ್ನು ಸಂಸ್ಕರಿಸಲು ಮನೆಯಲ್ಲಿಟ್ಟ ಮ್ಯಾಕ್. ಕನ್ಯಾ ರಾಶಿಯ ಎಂ104, ಅಂದರೆ ಸೊಂಬ್ರೆರೊ ಗೆಲಾಕ್ಸಿಯ ಒಂದೇ ಚಿತ್ರವನ್ನು ಈ ಮೂರರಲ್ಲೂ ಪ್ಲೇಟ್ ಸಾಲ್ವಿಂಗ್‌ಗೆ, ಅಂದರೆ ಚಿತ್ರ ಆಕಾಶದ ಯಾವ ಭಾಗದ್ದೆಂದು ಅದರ ನಕ್ಷತ್ರಗಳಿಂದಲೇ ಗುರುತಿಸುವ ಕೆಲಸಕ್ಕೆ, ಒಡ್ಡಿದಾಗ ಮೂರು ಬೇರೆ ಬೇರೆ ಫಲಿತಾಂಶಗಳು ಬಂದವು. ವಿಂಡೋಸ್‌ನಲ್ಲಿ ಕೆಲವೇ ಸೆಕೆಂಡುಗಳಲ್ಲಿ ಉತ್ತರ ಸಿಕ್ಕಿತು. ಪೈ ಬಹಳ ಹೊತ್ತು ಹುಡುಕಿ ಪರಿಹಾರವಿಲ್ಲ ಎಂದಿತು. ಮ್ಯಾಕ್‌ನಲ್ಲಿ ಟರ್ಮಿನಲ್‌ನಿಂದ ಆದೇಶ ಕೊಟ್ಟರೆ ಉತ್ತರ ಬರುತ್ತಿತ್ತು, ಖಗೋಳ ಪ್ರೋಗ್ರಾಂನ ಒಳಗಿನಿಂದ ಕೇಳಿದರೆ ಬರುತ್ತಿರಲಿಲ್ಲ, ಬಂದ ಉತ್ತರದಲ್ಲೂ ಚಿತ್ರ ತಿರುಗಿರುವ ಕೋನ ವಿಂಡೋಸ್‌ನ ಉತ್ತರಕ್ಕೆ ಹೊಂದುತ್ತಿರಲಿಲ್ಲ. ಲಿನಕ್ಸ್‌ನ ಪ್ಲೇಟ್ ಸಾಲ್ವರ್ ದುರ್ಬಲವೆಂದೂ ವಿಂಡೋಸ್ ಒಂದನ್ನೇ ಇಟ್ಟುಕೊಳ್ಳುವುದು ಒಳ್ಳೆಯದೆಂದೂ ಗುಂಪಿನಲ್ಲಿ ಮಾತು ಹುಟ್ಟಿದ ಹೊತ್ತಿನಲ್ಲಿ ಈ ಪರಿಶೀಲನೆ ನನ್ನ ಪಾಲಿಗೆ ಬಂತು. ಆ ಮಾತು ತಪ್ಪೆಂದು ಈಗ ಖಚಿತವಾಗಿ ಹೇಳಬಲ್ಲೆ. ಮೂರೂ ಕಡೆ ಗಣಿತ ಸರಿಯಾಗಿಯೇ ಇತ್ತು. ಕೆಟ್ಟಿದ್ದದ್ದು ಗಣಿತಕ್ಕೆ ಸುದ್ದಿ ಮುಟ್ಟಿಸುವ ದಾರಿ.

ಪ್ಲೇಟ್ ಸಾಲ್ವಿಂಗ್ ಎಂದರೆ ಚಿತ್ರದಲ್ಲಿ ಕಾಣುವ ನಕ್ಷತ್ರಗಳ ವಿನ್ಯಾಸವನ್ನು ನಕ್ಷತ್ರಪಟ್ಟಿಯೊಂದಿಗೆ ಹೋಲಿಸಿ, ಚಿತ್ರ ಆಕಾಶದ ಯಾವ ಭಾಗದ್ದು, ಅದರ ಅಳತೆ ಎಷ್ಟು, ಅದು ಯಾವ ಕಡೆಗೆ ತಿರುಗಿದೆ ಎಂಬುದನ್ನು ಕಂಡುಹಿಡಿಯುವುದು. ಡಸ್ಟಿನ್ ಲ್ಯಾಂಗ್, ಡೇವಿಡ್ ಹಾಗ್ ಮತ್ತು ಸಂಗಡಿಗರು 2010ರಲ್ಲಿ ಪ್ರಬಂಧವಾಗಿ ಪ್ರಕಟಿಸಿದ ಆಸ್ಟ್ರೊಮೆಟ್ರಿ.ನೆಟ್ ವಿಧಾನದಲ್ಲಿ ನಾಲ್ಕು ನಾಲ್ಕು ನಕ್ಷತ್ರಗಳ ಗುಂಪುಗಳನ್ನು ಆಯ್ದುಕೊಳ್ಳಲಾಗುತ್ತದೆ. ಆ ನಾಲ್ಕರಲ್ಲಿ ಪರಸ್ಪರ ಅತಿ ದೂರದಲ್ಲಿರುವ ಎರಡನ್ನು ಅಳತೆಗೋಲಾಗಿ ಹಿಡಿದು, ಉಳಿದೆರಡು ಅವುಗಳ ನಡುವೆ ಎಲ್ಲಿವೆ ಎಂಬುದನ್ನು ನಾಲ್ಕು ಸಂಖ್ಯೆಗಳಲ್ಲಿ ಬರೆಯಲಾಗುತ್ತದೆ. ಚಿತ್ರವನ್ನು ತಿರುಗಿಸಿದರೂ ಹಿಗ್ಗಿಸಿದರೂ ಈ ಸಂಖ್ಯೆಗಳು ಬದಲಾಗುವುದಿಲ್ಲವಾದ್ದರಿಂದ, ಮೊದಲೇ ಸಿದ್ಧಪಡಿಸಿಟ್ಟ ಇಂಡೆಕ್ಸ್ ಫೈಲ್‌ಗಳಲ್ಲಿ ಅವುಗಳನ್ನು ಹುಡುಕಬಹುದು. ಹಾನ್ ಕ್ಲೈನ್ ಬರೆದಿರುವ ಆಸ್ಟ್ಯಾಪ್ ಕೂಡ ನಾಲ್ಕು ನಕ್ಷತ್ರಗಳ ಗುಂಪುಗಳನ್ನೇ ಬಳಸುತ್ತದೆ. ಆದರೆ ಅದು ಅವುಗಳ ನಡುವಿನ ಆರು ದೂರಗಳ ಅನುಪಾತವನ್ನು ನೋಡುತ್ತದೆ ಮತ್ತು ನಾವು ಕೊಟ್ಟ ಅಂದಾಜು ಸ್ಥಾನದಿಂದ ಆರಂಭಿಸಿ ಸುತ್ತಲೂ ಹರಡುತ್ತಾ ಹುಡುಕುತ್ತದೆ. ಮೊದಲನೆಯದು ಯುನಿಕ್ಸ್ ಬಗೆಯ ವ್ಯವಸ್ಥೆಗಳಿಗಾಗಿ ಸಿ ಭಾಷೆಯಲ್ಲಿ, ಅಲ್ಲಲ್ಲಿ ಪೈಥಾನ್ ನೆರವಿನೊಂದಿಗೆ ಬರೆದದ್ದು. ಎರಡನೆಯದು ಫ್ರೀ ಪ್ಯಾಸ್ಕಲ್ ಮತ್ತು ಲಜಾರಸ್‌ನಲ್ಲಿ ಬರೆದದ್ದಾದ್ದರಿಂದ ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರಕ್ಕೂ ನೇರವಾಗಿ ಸಿಗುತ್ತದೆ.

ಪರಿಶೀಲನೆಯ ಮೊದಲ ಹೆಜ್ಜೆಯಾಗಿ ಚಿತ್ರದ ಅಳತೆಯನ್ನು ಕಾಗದದ ಮೇಲೆ ಲೆಕ್ಕಹಾಕಿದೆ. ದೂರದರ್ಶಕ 8 ಇಂಚಿನ ಶ್ಮಿಟ್-ಕ್ಯಾಸಗ್ರೇನ್, ಅದರ ನಾಭಿದೂರ 2032 ಮಿ.ಮೀ.; ಕ್ಯಾಮೆರಾದ ಸಂವೇದಕದಲ್ಲಿ 6248 ಅಡ್ಡ ಮತ್ತು 4176 ಉದ್ದ ಪಿಕ್ಸೆಲ್‌ಗಳು, ಒಂದೊಂದರ ಅಗಲ 3.76 ಮೈಕ್ರಾನ್. ಪಿಕ್ಸೆಲ್ ಅಗಲವನ್ನು 206.265ರಿಂದ ಗುಣಿಸಿ ನಾಭಿದೂರದಿಂದ ಭಾಗಿಸಿದರೆ ಪಿಕ್ಸೆಲ್ಲಿಗೆ 0.38 ಆರ್ಕ್‌ಸೆಕೆಂಡ್ ಎಂದಾಗುತ್ತದೆ (ಡಿಗ್ರಿಯ 60ನೇ ಒಂದು ಭಾಗ ಆರ್ಕ್‌ಮಿನಿಟ್, ಅದರ 60ನೇ ಒಂದು ಭಾಗ ಆರ್ಕ್‌ಸೆಕೆಂಡ್). ಇಡೀ ಚಿತ್ರ ಆಕಾಶದಲ್ಲಿ ಸುಮಾರು 40 ಆರ್ಕ್‌ಮಿನಿಟ್ ಅಗಲ, 26.6 ಆರ್ಕ್‌ಮಿನಿಟ್ ಎತ್ತರ. ಚಿತ್ರ ತೆಗೆಯುವಾಗ ಎರಡಕ್ಕೆರಡು ಬಿನ್ನಿಂಗ್ ಮಾಡಿದ್ದರಿಂದ, ಅಂದರೆ ಅಕ್ಕಪಕ್ಕದ ನಾಲ್ಕು ಪಿಕ್ಸೆಲ್‌ಗಳನ್ನು ಒಂದಾಗಿ ಕೂಡಿಸಿದ್ದರಿಂದ, ಪಿಕ್ಸೆಲ್‌ಗಳ ಸಂಖ್ಯೆ 3124 ಮತ್ತು 2088ಕ್ಕೆ ಇಳಿದಿತ್ತು, ಪಿಕ್ಸೆಲ್ಲಿಗೆ 0.76 ಆರ್ಕ್‌ಸೆಕೆಂಡ್ ಆಗಿತ್ತು. ಆಕಾಶದ ಹರವು ಮಾತ್ರ ಅಷ್ಟೇ. ಈ ಲೆಕ್ಕಕ್ಕೆ ಐದು ನಿಮಿಷವೂ ಬೇಡ. ಇದನ್ನು ಮಾಡದೆ ತಂತ್ರಾಂಶವನ್ನು ಅಳಿಸಿ ಮತ್ತೆ ಸ್ಥಾಪಿಸುವುದರಲ್ಲಿ ರಾತ್ರಿಗಳನ್ನು ಕಳೆಯುವವರನ್ನು ನೋಡಿದಾಗ ನಿಜವಾಗಿಯೂ ಸಂಕಟವಾಗುತ್ತದೆ, ಏಕೆಂದರೆ ಮುಂದಿನ ಬಹುತೇಕ ಪ್ರಶ್ನೆಗಳಿಗೆ ಉತ್ತರ ಈ ನಾಲ್ಕಾರು ಅಂಕಿಗಳಲ್ಲೇ ಇದೆ.

ಪೈ: ಒಂದರ ಮೇಲೊಂದು ಕುಳಿತ ಎರಡು ದೋಷಗಳು

ರಾಸ್‌ಬೆರಿ ಪೈನಲ್ಲಿ ಆಸ್ಟ್ರೊಮೆಟ್ರಿ.ನೆಟ್ ಅನ್ನು ಲಿನಕ್ಸ್‌ನ ಸಿದ್ಧ ಪ್ಯಾಕೇಜಿನಿಂದ ಹಾಕಿದ್ದರು, ಜೊತೆಗೆ ಟೈಕೊ-2 ನಕ್ಷತ್ರಪಟ್ಟಿಯಿಂದ ತಯಾರಾದ ಇಂಡೆಕ್ಸ್ ಫೈಲ್‌ಗಳ ಪ್ಯಾಕೇಜನ್ನೂ ಹಾಕಿದ್ದರು. ಇದೇ ಪೈ, ಇದೇ ಫೈಲ್‌ಗಳು, ಹಿಂದೆ 480 ಮಿ.ಮೀ. ನಾಭಿದೂರದ ಸಣ್ಣ ದೂರದರ್ಶಕದ ಜೊತೆ ಯಾವ ತೊಂದರೆಯೂ ಇಲ್ಲದೆ ಕೆಲಸ ಮಾಡಿದ್ದವು. ಗುಂಪಿನವರು ಆರಂಭದಲ್ಲಿ ಫೈಲ್‌ಗಳ ಮೇಲೆ ಅನುಮಾನ ಪಡದೇ ಇದ್ದದ್ದಕ್ಕೆ ಕಾರಣ ಅದೇ.

ಲೆಕ್ಕವನ್ನು ಬಿಡಿಸಿ ನೋಡೋಣ. ಟೈಕೊ-2 ಪಟ್ಟಿಯಲ್ಲಿ ಸುಮಾರು 25 ಲಕ್ಷ ನಕ್ಷತ್ರಗಳಿವೆ. ಇಡೀ ಆಕಾಶದ ವಿಸ್ತಾರ 41,253 ಚದರ ಡಿಗ್ರಿ. ಅಂದರೆ ಚದರ ಡಿಗ್ರಿಗೆ ಸರಾಸರಿ 60 ಚಿಲ್ಲರೆ ನಕ್ಷತ್ರಗಳು. ಸಣ್ಣ ದೂರದರ್ಶಕಕ್ಕೆ ಇದೇ ಕ್ಯಾಮೆರಾ ಜೋಡಿಸಿದಾಗ ಚಿತ್ರ 2.8 ಡಿಗ್ರಿಗೆ 1.87 ಡಿಗ್ರಿ ಹರಡಿಕೊಳ್ಳುತ್ತಿತ್ತು, ಅದರಲ್ಲಿ ಪಟ್ಟಿಯ 300ಕ್ಕೂ ಹೆಚ್ಚು ನಕ್ಷತ್ರಗಳು ಬೀಳುತ್ತಿದ್ದವು. ದೊಡ್ಡ ದೂರದರ್ಶಕದ ಚಿತ್ರದ ವಿಸ್ತಾರ 0.29 ಚದರ ಡಿಗ್ರಿ. ಸರಾಸರಿಯ ಪ್ರಕಾರ ಬೀಳಬೇಕಾದದ್ದು 18 ನಕ್ಷತ್ರ. ಎಂ104 ಇರುವುದು ಕ್ಷೀರಪಥದ ಪಟ್ಟಿಯಿಂದ ದೂರದ, ನಕ್ಷತ್ರಗಳು ವಿರಳವಾದ ದಿಕ್ಕಿನಲ್ಲಾದ್ದರಿಂದ ಅಷ್ಟೂ ಸಿಗುವುದಿಲ್ಲ. ಇದಕ್ಕಿಂತ ಕಠಿಣವಾದ ಅಡ್ಡಿ ಇನ್ನೊಂದಿದೆ. ಇಂಡೆಕ್ಸ್ ಫೈಲ್‌ಗಳನ್ನು ನಾಲ್ಕು ನಕ್ಷತ್ರಗಳ ಗುಂಪಿನ ಗಾತ್ರಕ್ಕೆ ತಕ್ಕಂತೆ ವಿಂಗಡಿಸಿರುತ್ತಾರೆ, ಮತ್ತು ಟೈಕೊ-2 ಸರಣಿಯ ಅತಿ ಸಣ್ಣ ವರ್ಗವಾದ 4107ರ ಗುಂಪುಗಳೇ 22ರಿಂದ 30 ಆರ್ಕ್‌ಮಿನಿಟ್ ಅಗಲದವು. 26.6 ಆರ್ಕ್‌ಮಿನಿಟ್ ಎತ್ತರದ ಚಿತ್ರದಲ್ಲಿ ಅಂಥ ಗುಂಪಿನ ನಾಲ್ಕೂ ನಕ್ಷತ್ರಗಳು ಒಟ್ಟಿಗೆ ಸಿಕ್ಕಿಬೀಳುವುದು ಅಪರೂಪ. ಗುಂಪಿನ ಗಾತ್ರ ಚಿತ್ರದ ಗಾತ್ರದ ನೂರಕ್ಕೆ 10ರಿಂದ 100ರ ನಡುವೆ ಇರಬೇಕೆಂಬುದು ಆ ತಂತ್ರಾಂಶದ ದಾಖಲೆಯಲ್ಲೇ ಇರುವ ಸಲಹೆ. ನಮಗೆ ಬೇಕಾಗಿದ್ದದ್ದು ಸುಮಾರು 3 ಆರ್ಕ್‌ಮಿನಿಟ್‌ನಿಂದ ಮೇಲಿನ ವರ್ಗಗಳು, ಅಂದರೆ ಟೈಕೊ-2 ಮತ್ತು ಗಾಯಾ ಉಪಗ್ರಹದ 2018ರ ಎರಡನೇ ದತ್ತಾಂಶ ಬಿಡುಗಡೆಯನ್ನು ಸೇರಿಸಿ ಮಾಡಿದ 5200 ಸರಣಿಯ ಫೈಲ್‌ಗಳು.

ಆ ಫೈಲ್‌ಗಳನ್ನು ಹಾಕಿದರೂ ಪೈ ಉತ್ತರ ಕೊಡಲಿಲ್ಲ. ಈ ಪ್ರಕರಣದ ಅತಿ ಮುಖ್ಯ ಘಟ್ಟ ಇದು.

ವಿಂಡೋಸ್‌ನಲ್ಲಿ ಆಸ್ಟ್ಯಾಪ್ ಅನ್ನು ಕರೆಯಲು ಬರೆದಿದ್ದ ಒಂದು ಸಣ್ಣ ಸ್ಕ್ರಿಪ್ಟನ್ನೇ ಪೈಗೂ ತಂದು, ಪ್ರೋಗ್ರಾಂನ ಹೆಸರನ್ನಷ್ಟೇ ಬದಲಿಸಿದ್ದರು. ಆಸ್ಟ್ಯಾಪ್ ತನ್ನ ಆರಂಭಿಕ ಸ್ಥಾನದ ವಿಷುವದಂಶವನ್ನು, ಅಂದರೆ ಭೂಮಿಯ ರೇಖಾಂಶದಂತೆ ಆಕಾಶದಲ್ಲಿ ಪೂರ್ವ-ಪಶ್ಚಿಮ ಸ್ಥಾನ ಹೇಳುವ ಆರ್‌ಎಯನ್ನು, ಗಂಟೆಗಳಲ್ಲಿ ಕೇಳುತ್ತದೆ. ಅಕ್ಷಾಂಶದಂತೆ ಉತ್ತರ-ದಕ್ಷಿಣ ಸ್ಥಾನ ಹೇಳುವ ಡೆಕ್ ಬದಲಿಗೆ ಆಕಾಶದ ದಕ್ಷಿಣ ಧ್ರುವದಿಂದ ಇರುವ ದೂರವನ್ನು ಡಿಗ್ರಿಗಳಲ್ಲಿ ಕೇಳುತ್ತದೆ. ಎಂ104ರ ಆರ್‌ಎ 12 ಗಂಟೆ 40 ನಿಮಿಷ, ಡೆಕ್ ಋಣ 11.62 ಡಿಗ್ರಿ, ಆದ್ದರಿಂದ ಸ್ಕ್ರಿಪ್ಟ್ 12.667 ಮತ್ತು 78.38 ಎಂಬ ಎರಡು ಸಂಖ್ಯೆಗಳನ್ನು ಕೊಡುತ್ತಿತ್ತು, ಆಸ್ಟ್ಯಾಪ್‌ಗೆ ಅದು ಸರಿ. ಆಸ್ಟ್ರೊಮೆಟ್ರಿ.ನೆಟ್‌ನ ಸಾಲ್ವ್-ಫೀಲ್ಡ್ ಆದೇಶ ಹಾಗಲ್ಲ. ದಶಮಾಂಶ ಸಂಖ್ಯೆ ಕೊಟ್ಟರೆ ಅದು ಆರ್‌ಎಯನ್ನು ಡಿಗ್ರಿಯೆಂದೇ ಓದುತ್ತದೆ, ಡೆಕ್ ಅನ್ನು ಡೆಕ್ ಎಂದೇ ಓದುತ್ತದೆ. ಗಂಟೆಗೆ 15 ಡಿಗ್ರಿಯ ಲೆಕ್ಕದಲ್ಲಿ 190 ಡಿಗ್ರಿ ಆಗಬೇಕಾಗಿದ್ದದ್ದು 12.667 ಡಿಗ್ರಿ ಆಯಿತು, ಋಣ 11.62 ಆಗಬೇಕಾಗಿದ್ದದ್ದು ಧನ 78.38 ಆಯಿತು. ಕನ್ಯಾ ರಾಶಿಯ ಚಿತ್ರವನ್ನು ಪೈ ಆಕಾಶದ ಉತ್ತರ ಧ್ರುವದಿಂದ 12 ಡಿಗ್ರಿಯೊಳಗಿನ ಜಾಗದಲ್ಲಿ, ನಿಜವಾದ ಸ್ಥಾನದಿಂದ 100 ಡಿಗ್ರಿಗೂ ಹೆಚ್ಚು ದೂರದಲ್ಲಿ, ಕೊಟ್ಟ ತ್ರಿಜ್ಯದೊಳಗೆ ಶ್ರದ್ಧೆಯಿಂದ ಹುಡುಕುತ್ತಿತ್ತು. ಆದೇಶದ ವ್ಯಾಕರಣದಲ್ಲಿ ತಪ್ಪಿಲ್ಲ, ಸಂಖ್ಯೆಗಳು ಮಿತಿಯೊಳಗೇ ಇವೆ, ಹಾಗಾಗಿ ಯಾವ ಎಚ್ಚರಿಕೆಯೂ ಬರುವುದಿಲ್ಲ.

ಎರಡು ದೋಷಗಳಲ್ಲಿ ಯಾವುದಾದರೂ ಒಂದೇ ಸಾಕಿತ್ತು ಪರಿಹಾರವನ್ನು ತಡೆಯಲು. ಗುಂಪಿನವರು ಮೊದಲು ಫೈಲ್‌ಗಳನ್ನು ಸೇರಿಸಿ, ಫಲ ಕಾಣದೆ, ಮೆಮೊರಿ ಕಾರ್ಡಿನಲ್ಲಿ ಜಾಗ ಉಳಿಸಲು ಅವನ್ನು ತೆಗೆದುಹಾಕಿದ್ದರು. ಆಮೇಲೆ ಯಾರೋ ಸ್ಥಾನದ ಸೂಚನೆಯನ್ನೇ ಕೈಬಿಟ್ಟು ಇಡೀ ಆಕಾಶದಲ್ಲಿ ಹುಡುಕಿಸಿದ್ದರು, ಆಗ ಫೈಲ್‌ಗಳಿರಲಿಲ್ಲ. ಸರಿಯಾದ ಎರಡು ತಿದ್ದುಪಡಿಗಳೂ ನಡೆದಿದ್ದವು, ಒಟ್ಟಿಗೆ ಮಾತ್ರ ಎಂದೂ ನಡೆದಿರಲಿಲ್ಲ. ಫಲ ಕೊಡದ ತಿದ್ದುಪಡಿಯನ್ನು ಹಿಂದೆಗೆದುಕೊಳ್ಳುವ ಸಹಜ ರೂಢಿಯೇ ಇಲ್ಲಿ ದಾರಿ ತಪ್ಪಿಸಿತು. ಬೇಕಾದ ಎಲ್ಲ ವರ್ಗಗಳ ಇಂಡೆಕ್ಸ್ ಫೈಲ್‌ಗಳನ್ನು ಇಟ್ಟುಕೊಂಡು, ಪಿಕ್ಸೆಲ್ ಅಳತೆಯ ಮೇಲಿನ ಮತ್ತು ಕೆಳಗಿನ ಮಿತಿಯನ್ನು ಮಾತ್ರ ತಿಳಿಸಿ, ಸ್ಥಾನದ ಸೂಚನೆಯಿಲ್ಲದೆ ಓಡಿಸಿದಾಗ ಉತ್ತರ ಬಂತು; ಆ ಉತ್ತರವನ್ನು ಸ್ಕ್ರಿಪ್ಟಿನ ಸಂಖ್ಯೆಗಳ ಪಕ್ಕದಲ್ಲಿಟ್ಟಾಗ ಎರಡನೇ ದೋಷ ತಾನಾಗಿಯೇ ಕಣ್ಣಿಗೆ ಬಿತ್ತು.

ಪೈನಲ್ಲಿ ಆಸ್ಟ್ಯಾಪ್ ಕೂಡ ಇತ್ತು, ಅದೂ ಸೋತಿತ್ತು, ಮತ್ತು ಲಿನಕ್ಸ್ ದುರ್ಬಲವೆಂಬ ಅಭಿಪ್ರಾಯಕ್ಕೆ ಅದೇ ಬಲ ಕೊಟ್ಟಿತ್ತು. ವಿಂಡೋಸ್‌ನಲ್ಲಿ ಡಿ50 ಎಂಬ ನಕ್ಷತ್ರ ದತ್ತಾಂಶ ಹಾಕಿದ್ದರು, ಅದು ಚದರ ಡಿಗ್ರಿಗೆ 5000 ನಕ್ಷತ್ರಗಳವರೆಗೆ ಒಳಗೊಂಡಿರುತ್ತದೆ. ಪೈನಲ್ಲಿ ಹಾಕಿದ್ದದ್ದು ಡಿ05, ಅದರ ಮಿತಿ 500. ಚಿತ್ರದ ಎತ್ತರ 0.6 ಡಿಗ್ರಿಗಿಂತ ಹೆಚ್ಚಿರುವಾಗ ಬಳಸಲು ತಕ್ಕದ್ದು ಅದು. ನಮ್ಮ ಚಿತ್ರದ ಎತ್ತರ 0.44 ಡಿಗ್ರಿ. ಡಿ50 ಹಾಕಿದ ಮೇಲೆ ಪೈ ಮತ್ತು ಲ್ಯಾಪ್‌ಟಾಪ್ ಎರಡರ ಉತ್ತರವೂ ಒಂದೇ ಆಯಿತು.

ಮ್ಯಾಕ್: ಟರ್ಮಿನಲ್‌ಗೆ ಗೊತ್ತಿದ್ದದ್ದು ಪ್ರೋಗ್ರಾಂಗೆ ಗೊತ್ತಿಲ್ಲ

ಮ್ಯಾಕ್‌ನ ತೊಂದರೆ ಇದಕ್ಕಿಂತ ಸರಳ. ಆಸ್ಟ್ರೊಮೆಟ್ರಿ.ನೆಟ್ ಅನ್ನು ಮ್ಯಾಕ್‌ನಲ್ಲಿ ತಂತ್ರಾಂಶ ಸ್ಥಾಪಿಸಲು ನೆರವಾಗುವ ಹೋಂಬ್ರ್ಯೂ ಮೂಲಕ ಹಾಕಿದ್ದರು. ಇಂಟೆಲ್ ಪ್ರೊಸೆಸರಿನ ಮ್ಯಾಕ್‌ಗಳಲ್ಲಿ ಹೋಂಬ್ರ್ಯೂ ಕಡತಗಳನ್ನು ಇಡುವ ಜಾಗ ಒಂದು, ಆಪಲ್‌ನದೇ ಪ್ರೊಸೆಸರ್ ಇರುವ ಮ್ಯಾಕ್‌ಗಳಲ್ಲಿ ಇನ್ನೊಂದು. ಗುಂಪಿನ ಹಳೆಯ ಟಿಪ್ಪಣಿಯಲ್ಲಿದ್ದದ್ದು ಮೊದಲನೆಯದು, ಈಗಿನ ಯಂತ್ರದಲ್ಲಿದ್ದದ್ದು ಎರಡನೆಯದು. ಟರ್ಮಿನಲ್ ತೆರೆದಾಗ, ಅಲ್ಲಿ ಕೊಟ್ಟ ಆದೇಶಗಳನ್ನು ನಡೆಸುವ ಷೆಲ್‌ನ ಆರಂಭಿಕ ಕಡತ ಆ ಹೊಸ ಜಾಗವನ್ನು ಹುಡುಕುವ ಹಾದಿಗೆ ಸೇರಿಸುತ್ತದೆ. ಫೈಂಡರ್‌ನಿಂದ ಅಥವಾ ಡಾಕ್‌ನಿಂದ ತೆರೆದ ಪ್ರೋಗ್ರಾಂ ಷೆಲ್‌ನ ಈ ಹಾದಿಯನ್ನು ಪಡೆಯುವುದೇ ಇಲ್ಲ. ವ್ಯವಸ್ಥೆಯ ಮೂಲ ಫೋಲ್ಡರ್‌ಗಳಷ್ಟೇ ಅದಕ್ಕೆ ಗೊತ್ತು. ಪ್ರೋಗ್ರಾಂನ ಸೆಟ್ಟಿಂಗ್‌ನಲ್ಲಿ ಸಾಲ್ವ್-ಫೀಲ್ಡ್ ಮತ್ತು ಅದರ ಸಂರಚನಾ ಕಡತ ಎರಡರ ಪೂರ್ಣ ವಿಳಾಸ ಬರೆದಾಗ ಆ ಅಡ್ಡಿ ನಿವಾರಣೆಯಾಯಿತು. ಅದರ ಬೆನ್ನಿಗೇ ಪೈಥಾನ್‌ನ ದೂರು ಬಂತು: ಚಿತ್ರದಲ್ಲಿನ ಗೆರೆಗಳಂಥ ಸುಳ್ಳು ನಕ್ಷತ್ರಗಳನ್ನು ತೆಗೆಯುವ ಮತ್ತು ನಕ್ಷತ್ರಗಳನ್ನು ಸಮನಾಗಿ ಹಂಚುವ ಎರಡು ಉಪಕ್ರಮಗಳಿಗೆ ನಮ್‌ಪೈ ಮೊದಲಾದ ಪೈಥಾನ್ ಸಂಗ್ರಹಗಳು ಬೇಕು, ಅವು ಇದ್ದದ್ದು ಬೇರೊಂದು ಪೈಥಾನ್‌ನಲ್ಲಿ. ಆ ಎರಡು ಉಪಕ್ರಮಗಳನ್ನು ಬಿಟ್ಟುಬಿಡುವಂತೆ ಆದೇಶದಲ್ಲೇ ಹೇಳಲು ಅವಕಾಶವಿದೆ, ನಮ್ಮ ಚಿತ್ರಕ್ಕೆ ಅವುಗಳ ಅಗತ್ಯವೂ ಇರಲಿಲ್ಲ. ಕೆಸ್ಟಾರ್ಸ್ ಎಂಬ ಖಗೋಳ ಪ್ರೋಗ್ರಾಂ ಬಳಸುವವರಿಗೆ ಸ್ಟೆಲ್ಲರ್‌ಸಾಲ್ವರ್ ಇನ್ನೂ ನೇರವಾದ ದಾರಿ. ಅದು ಆಸ್ಟ್ರೊಮೆಟ್ರಿ.ನೆಟ್‌ನ ತಿರುಳನ್ನು ಪ್ರೋಗ್ರಾಂನ ಒಳಗೇ ಸೇರಿಸಿಕೊಂಡ ಸಂಗ್ರಹವಾದ್ದರಿಂದ ಹೊರಗಿನ ಆದೇಶವೂ ಬೇಡ, ಪೈಥಾನೂ ಬೇಡ. ಮೂರು ಆಪರೇಟಿಂಗ್ ಸಿಸ್ಟಂಗಳಲ್ಲೂ ಅದು ನಡೆಯುತ್ತದೆ. ಇಂಡೆಕ್ಸ್ ಫೈಲ್‌ಗಳು ಮಾತ್ರ ಅದಕ್ಕೂ ಬೇಕು.

ಕನ್ನಡ ಹೆಸರಿನ ಫೋಲ್ಡರ್

ಗುಂಪಿನ ಚಿತ್ರಗಳೆಲ್ಲ ‘ವೀಕ್ಷಣೆ’ ಎಂಬ ಫೋಲ್ಡರಿನಲ್ಲಿ ಇರುತ್ತಿದ್ದವು. ವಿಂಡೋಸ್‌ನಲ್ಲಿ ಒಂದು ಹಳೆಯ ಸಹಾಯಕ ಪ್ರೋಗ್ರಾಂ ಈ ಹೆಸರನ್ನು ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಮುಂದೆ ಸಾಗಿಸುತ್ತಿತ್ತು. ಯುನಿಕೋಡ್‌ಗಿಂತ ಹಿಂದಿನ ವಿಧಾನದಲ್ಲಿ ಹೆಸರು ಓದುವ ಪ್ರೋಗ್ರಾಂಗಳು ವಿಂಡೋಸ್‌ನ ಹಳೆಯ ಕೋಡ್ ಪೇಜ್‌ಗಳನ್ನು, ಅಂದರೆ ಅಕ್ಷರಗಳಿಗೆ ಸಂಕೇತ ನಿಗದಿ ಮಾಡುವ ಪಟ್ಟಿಗಳನ್ನು, ನಂಬಿಕೊಂಡಿರುತ್ತವೆ, ಮತ್ತು ಕನ್ನಡಕ್ಕೆ ಅಂಥ ಕೋಡ್ ಪೇಜ್ ಇಲ್ಲವೇ ಇಲ್ಲ. ಪ್ರಶ್ನಾರ್ಥಕ ಚಿಹ್ನೆ ವಿಂಡೋಸ್‌ನಲ್ಲಿ ಕಡತದ ಹೆಸರಿನೊಳಗೆ ನಿಷಿದ್ಧವಾದ್ದರಿಂದ ಕಡತ ತೆರೆಯುವ ಹಂತದಲ್ಲೇ ಎಲ್ಲವೂ ನಿಂತುಹೋಗುತ್ತಿತ್ತು.

ಮ್ಯಾಕ್‌ನಿಂದ ಪೈಗೆ ಚಿತ್ರಗಳನ್ನು ನಕಲಿಸಿದಾಗ ಕಾಣಿಸಿಕೊಂಡದ್ದು ಇದಕ್ಕಿಂತ ಸೂಕ್ಷ್ಮ. ಪರದೆಯ ಮೇಲೆ ಎರಡೂ ಕಡೆ ‘ವೀಕ್ಷಣೆ’ ಎಂದೇ ಕಾಣುತ್ತದೆ, ಆದರೂ ಪೈನ ಸ್ಕ್ರಿಪ್ಟ್ ಅಂಥ ಫೋಲ್ಡರ್ ಇಲ್ಲ ಎನ್ನುತ್ತದೆ. ನಕಲಿಸಲು ಬಳಸಿದ ಹೊರಗಿನ ಡಿಸ್ಕ್, ಮ್ಯಾಕ್‌ನ ಹಳೆಯ ಕಡತ ವ್ಯವಸ್ಥೆಯಾದ ಎಚ್‌ಎಫ್‌ಎಸ್ ಪ್ಲಸ್ ಮಾದರಿಯದು. ಆ ಮಾದರಿ ಹೆಸರುಗಳನ್ನು ಉಳಿಸುವಾಗ ಅಕ್ಷರಗಳನ್ನು ಬಿಡಿಸಿ ಇಡುತ್ತದೆ: ‘ವೀ’ಯಲ್ಲಿರುವ ದೀರ್ಘ ಈಕಾರದ ಒಂದು ಸಂಕೇತ ಗುಡಿಸು ಮತ್ತು ದೀರ್ಘದ ಎರಡು ಸಂಕೇತಗಳಾಗಿ ಒಡೆಯುತ್ತದೆ. ಕೀಲಿಮಣೆಯಿಂದ ಒತ್ತಿದ ಹೆಸರು ಯುಟಿಎಫ್-8ರಲ್ಲಿ 21 ಬೈಟ್, ಡಿಸ್ಕ್‌ನಿಂದ ಬಂದ ಹೆಸರು 24 ಬೈಟ್. ಲಿನಕ್ಸ್‌ನ ಕಡತ ವ್ಯವಸ್ಥೆಯಾದ ಎಕ್ಸ್ಟ್4 ಹೆಸರುಗಳನ್ನು ಬೈಟ್ ಬೈಟ್ ಹೋಲಿಸುವುದರಿಂದ ಅವು ಎರಡು ಬೇರೆ ಹೆಸರುಗಳೇ. ಏಕಾರ, ಐಕಾರ, ಒಕಾರ, ಓಕಾರ ಇರುವ ಎಲ್ಲ ಹೆಸರುಗಳಿಗೂ ಇದೇ ಗತಿ. ‘ಚಿತ್ರ’ ಎಂದಿಟ್ಟಿದ್ದರೆ ಈ ತೊಂದರೆ ಗೋಚರಿಸುತ್ತಲೇ ಇರಲಿಲ್ಲ.

ಇದಕ್ಕೆ ಉಪಾಯವಾಗಿ ಕನ್ನಡ ಹೆಸರುಗಳನ್ನೇ ಬಿಟ್ಟುಬಿಡಿ ಎಂಬ ಸಲಹೆ ಬಂತು. ನಾನದನ್ನು ಒಪ್ಪಲಿಲ್ಲ. ತಮ್ಮ ಕಡತಗಳಿಗೆ ತಮ್ಮ ಭಾಷೆಯಲ್ಲಿ ಹೆಸರಿಡುವುದು ಬಳಕೆದಾರರ ಹಕ್ಕು, ಅದನ್ನು ನಿಭಾಯಿಸುವುದು ತಂತ್ರಾಂಶದ ಕೆಲಸ. ಸ್ಕ್ರಿಪ್ಟಿನಲ್ಲಿ ಹೆಸರುಗಳನ್ನು ಹೋಲಿಸುವ ಮೊದಲು ಯುನಿಕೋಡ್‌ನ ಕೂಡಿಸಿದ ರೂಪಕ್ಕೆ ತರುವ ಒಂದು ಸಾಲು ಸೇರಿಸಲಾಯಿತು, ಮತ್ತು ಪ್ಲೇಟ್ ಸಾಲ್ವರ್‌ಗೆ ಕೊಡುವ ತಾತ್ಕಾಲಿಕ ಪ್ರತಿಯನ್ನು ಮಾತ್ರ ಸರಳ ರೋಮನ್ ಹೆಸರಿನ ಫೋಲ್ಡರಿಗೆ ನಕಲಿಸುವ ಏರ್ಪಾಟಾಯಿತು. ಮೂಲ ಫೋಲ್ಡರಿನ ಹೆಸರು ಈಗಲೂ ‘ವೀಕ್ಷಣೆ’ಯೇ.

ಉತ್ತರಗಳು ಹೊಂದದಿದ್ದಾಗ

ಮೂರೂ ಯಂತ್ರಗಳು ಉತ್ತರ ಕೊಡತೊಡಗಿದ ಮೇಲೆ, ಕೇಂದ್ರದ ಆರ್‌ಎ ಮತ್ತು ಡೆಕ್ ಹೊಂದಿದರೂ ಚಿತ್ರ ತಿರುಗಿರುವ ಕೋನ ಹೊಂದಲಿಲ್ಲ. ಖಗೋಳ ಚಿತ್ರಗಳನ್ನು ಉಳಿಸುವ ಫಿಟ್ಸ್ ಮಾದರಿಯ ಕಡತದ ಮೊದಲ ಸಾಲು ಚಿತ್ರದ ಕೆಳಗಿನದು ಎಂಬುದು ಹಳೆಯ ರೂಢಿ. ಕ್ಯಾಮೆರಾದಿಂದ ಬರುವ ಸಾಲುಗಳು ಮೇಲಿನಿಂದ ಕೆಳಕ್ಕೆ ಇರುವುದರಿಂದ ಕೆಲವು ಪ್ರೋಗ್ರಾಂಗಳು ಅವನ್ನು ಹಾಗೆಯೇ ಬರೆಯುತ್ತವೆ. ಒಂದು ಕಡೆ ಕಡತವನ್ನು ಇದ್ದಂತೆಯೇ ಓದಿ, ಇನ್ನೊಂದು ಕಡೆ ತಲೆಕೆಳಗಾಗಿ ಮಗುಚಿ ಓದಿದರೆ, ಎರಡನೆಯದು ಮೊದಲನೆಯದರ ಕನ್ನಡಿ ಪ್ರತಿಬಿಂಬವಾಗುತ್ತದೆ. ಕೇಂದ್ರ ಬದಲಾಗದು, ಕೋನ ಬದಲಾಗುತ್ತದೆ. ಉತ್ತರದೊಂದಿಗೆ, ಪಿಕ್ಸೆಲ್ ಸ್ಥಾನವನ್ನು ಆಕಾಶದ ಸ್ಥಾನಕ್ಕೆ ಹೊಂದಿಸುವ ನಾಲ್ಕು ಸಂಖ್ಯೆಗಳ ಸಿಡಿ ಮ್ಯಾಟ್ರಿಕ್ಸ್ ಬರುತ್ತದೆ; ಅದರ ನಿರ್ಧಾರಕ (ಡಿಟರ್ಮಿನಂಟ್) ಋಣವಾಗಿದ್ದರೆ ಚಿತ್ರ ಆಕಾಶದಲ್ಲಿ ಕಾಣುವಂತೆಯೇ ಇದೆ, ಧನವಾಗಿದ್ದರೆ ಕನ್ನಡಿಯಲ್ಲಿ ಕಂಡಂತೆ ಇದೆ. ಎರಡು ಉತ್ತರಗಳ ಕೋನವನ್ನು ಹೋಲಿಸುವ ಮೊದಲು ಈ ಚಿಹ್ನೆಯನ್ನು ನೋಡುವುದು ಈಗ ಗುಂಪಿನ ಪದ್ಧತಿ.

ಬಿನ್ನಿಂಗ್ ಕೂಡ ಇಂಥದೇ ಗೊಂದಲ ತಂದಿತ್ತು. ಕಡತದ ಶಿರೋಭಾಗದಲ್ಲಿ ಪಿಕ್ಸೆಲ್ ಅಗಲವನ್ನು ಕೆಲವು ಪ್ರೋಗ್ರಾಂಗಳು ಬಿನ್ನಿಂಗ್ ಸೇರಿಸಿ 7.52 ಎಂದು ಬರೆಯುತ್ತವೆ, ಕೆಲವು ಮೂಲದ 3.76 ಎಂದೇ ಬರೆದು ಬಿನ್ನಿಂಗನ್ನು ಬೇರೆಯಾಗಿ ನಮೂದಿಸುತ್ತವೆ. ತಪ್ಪಾಗಿ ಓದಿದರೆ ಚಿತ್ರದ ಎತ್ತರ 0.44ರ ಬದಲು 0.22 ಡಿಗ್ರಿ ಎಂದಾಗುತ್ತದೆ. ಎತ್ತರವನ್ನು ನೇರವಾಗಿ ಆದೇಶದಲ್ಲೇ ಕೊಡುವುದು ಕ್ಷೇಮ.

ಮೌಂಟ್ ಜೊತೆಗಿನ ಹೊಂದಾಣಿಕೆಯಲ್ಲಿ ಮಾತ್ರ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದ ಸ್ಥಿತಿಯಿತ್ತು. ಪ್ಲೇಟ್ ಸಾಲ್ವರ್‌ನ ಉತ್ತರ 2000ನೇ ಇಸವಿಯ ನಿರ್ದೇಶಾಂಕಗಳಲ್ಲಿ ಇರುತ್ತದೆ, ಅನೇಕ ಮೌಂಟ್‌ಗಳು ಇಂದಿನ ನಿರ್ದೇಶಾಂಕಗಳನ್ನು ನಿರೀಕ್ಷಿಸುತ್ತವೆ. ಭೂಮಿಯ ಅಕ್ಷದ ಅಯನದಿಂದ ವರ್ಷಕ್ಕೆ ಸುಮಾರು 50 ಆರ್ಕ್‌ಸೆಕೆಂಡ್ ವ್ಯತ್ಯಾಸ ಬೀಳುತ್ತದೆ, 25 ವರ್ಷಗಳಲ್ಲಿ ಅದು 21 ಆರ್ಕ್‌ಮಿನಿಟ್. ಮೌಂಟ್‌ಗೆ ಗುರಿಯನ್ನು ಒಂದು ಬಗೆಯಲ್ಲಿ, ತಿದ್ದುಪಡಿಯನ್ನು ಇನ್ನೊಂದು ಬಗೆಯಲ್ಲಿ ಕೊಟ್ಟರೆ, ಚಿತ್ರದ ಅರ್ಧ ಅಗಲ 20 ಆರ್ಕ್‌ಮಿನಿಟ್ ಮಾತ್ರ ಇರುವಾಗ, ಗೆಲಾಕ್ಸಿ ಚೌಕಟ್ಟಿನ ಹೊರಗೇ ಉಳಿಯಬಹುದು. ವಿಂಡೋಸ್‌ನಲ್ಲಿ ಆಸ್ಕಾಮ್, ಲಿನಕ್ಸ್‌ನಲ್ಲಿ ಇಂಡಿ ಎಂಬ, ಪ್ರೋಗ್ರಾಂ ಮತ್ತು ಉಪಕರಣಗಳ ನಡುವಿನ ಎರಡು ಬೇರೆ ಮಧ್ಯವರ್ತಿ ವ್ಯವಸ್ಥೆಗಳಿರುವುದರಿಂದ ಈ ಸೆಟ್ಟಿಂಗನ್ನು ಪ್ರತಿ ಯಂತ್ರದಲ್ಲೂ ಪ್ರತ್ಯೇಕವಾಗಿ ನೋಡಬೇಕಾಯಿತು.

ಕೈಗೊಂಡ ತೀರ್ಮಾನ

ಬಯಲಿನಲ್ಲಿ ಇಂಟರ್ನೆಟ್ ನೆಚ್ಚಿಕೊಳ್ಳುವಂತಿಲ್ಲವಾದ್ದರಿಂದ ಆಸ್ಟ್ರೊಮೆಟ್ರಿ.ನೆಟ್‌ನ ಜಾಲತಾಣ ಸೇವೆ ಆಯ್ಕೆಯಾಗಿರಲಿಲ್ಲ. ಮೂರೂ ಯಂತ್ರಗಳಲ್ಲಿ ಮೊದಲ ಸಾಲ್ವರ್ ಆಗಿ ಆಸ್ಟ್ಯಾಪ್, ಅದಕ್ಕೆ ಒಂದೇ ಡಿ50 ದತ್ತಾಂಶ. ದೂರದರ್ಶಕ ಎತ್ತ ನೋಡುತ್ತಿದೆ ಎಂಬುದೇ ಗೊತ್ತಿಲ್ಲದಾಗ ಪೈ ಮತ್ತು ಮ್ಯಾಕ್‌ನಲ್ಲಿ ಸ್ಟೆಲ್ಲರ್‌ಸಾಲ್ವರ್. ವಿಂಡೋಸ್‌ನೊಳಗೆ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್2ರಲ್ಲೂ ಆಸ್ಟ್ರೊಮೆಟ್ರಿ.ನೆಟ್ ಸರಿಯಾಗಿ ನಡೆಯಿತು, ಆದರೆ ಇಂಡೆಕ್ಸ್ ಫೈಲ್‌ಗಳನ್ನು ಸಿ ಡ್ರೈವಿನಲ್ಲಿ ಬಿಟ್ಟರೆ ಎರಡು ವ್ಯವಸ್ಥೆಗಳ ನಡುವಿನ ಸೇತುವೆಯ ಮೂಲಕ ಓದಬೇಕಾಗಿ ಬಹಳ ನಿಧಾನವಾಗುತ್ತದೆ. ಅವನ್ನು ಲಿನಕ್ಸ್‌ನ ಕಡೆಯ ಡಿಸ್ಕಿಗೇ ಹಾಕಬೇಕು.

ಯಾವ ಯಂತ್ರದಲ್ಲಿ ಏನನ್ನು ನವೀಕರಿಸಿದರೂ ಬಯಲಿಗೆ ಹೊರಡುವ ಮೊದಲು ಓಡಿಸಿ ನೋಡಲು ಮೂರು ಚಿತ್ರಗಳನ್ನು ತೆಗೆದಿಡಲಾಗಿದೆ. ಒಂದು ಇದೇ ಎಂ104, ನಕ್ಷತ್ರ ವಿರಳವಾದ ಕ್ಷೇತ್ರಕ್ಕಾಗಿ ಮತ್ತು ಋಣ ಡೆಕ್‌ಗಾಗಿ. ಇನ್ನೊಂದು ಕ್ಷೀರಪಥದ ನಡುವಿನ, ನಕ್ಷತ್ರಗಳು ಕಿಕ್ಕಿರಿದ ಕ್ಷೇತ್ರ. ಮೂರನೆಯದು ಮೋಡ ಮುಸುಕಿ, ಬಿಸಿ ಪಿಕ್ಸೆಲ್‌ಗಳ, ಅಂದರೆ ಬೆಳಕಿಲ್ಲದೆಯೂ ಹೊಳೆಯುವ ದೋಷದ ಪಿಕ್ಸೆಲ್‌ಗಳ, ಹೊರತು ಏನೂ ಇಲ್ಲದ ಚಿತ್ರ. ಅದಕ್ಕೆ ಮೂರೂ ಯಂತ್ರಗಳು ಪರಿಹಾರವಿಲ್ಲ ಎಂದೇ ಹೇಳಬೇಕು. ಸುಳ್ಳು ಉತ್ತರ ಬಂದರೆ ಮೌಂಟ್ ಅದನ್ನು ನಂಬಿ ದೂರದರ್ಶಕವನ್ನು ತಿರುಗಿಸಿಬಿಡುತ್ತದೆ. ಈ ಕಾರಣಕ್ಕೇ ಆಸ್ಟ್ರೊಮೆಟ್ರಿ.ನೆಟ್ ಒಂದು ಹೊಂದಾಣಿಕೆಯನ್ನು ಒಪ್ಪುವ ಮೊದಲು, ಅದು ಆಕಸ್ಮಿಕವಾಗಿರುವುದಕ್ಕಿಂತ ನಿಜವಾಗಿರುವ ಸಂಭವ 100 ಕೋಟಿ ಪಟ್ಟು ಹೆಚ್ಚಿರಬೇಕೆಂದು ಕೇಳುತ್ತದೆ. ಉತ್ತರ ಬರುತ್ತಿಲ್ಲವೆಂದು ಆ ಮಿತಿಯನ್ನು ಇಳಿಸಬಾರದೆಂದು ಪೈನ ಸಂರಚನಾ ಕಡತದ ಮೊದಲ ಸಾಲಿನಲ್ಲೇ ಕನ್ನಡದಲ್ಲಿ ಟಿಪ್ಪಣಿ ಬರೆದಿಡಲಾಗಿದೆ.